ಹನ್ನೆರಡು ಬಿಳಿ ಇಲಿಗಳು, ರತ್ನಕ್ಕನ ಮೂರು ದಿನ

ಗೌರಿಬಿದನೂರಿನಿಂದ ಚಿಂತಾಮಣಿಗೆ ಹೋಗುವ ಬಸ್ಸು ಶಿಡ್ಲಘಟ್ಟದಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತದೆ. ಈ ಸಲ ದಸರಾ ರಜೆಗೆ ಊರಿಗೆ ಹೊರಟಿದ್ದ ನಾನು ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ನಿಂತ ಕೂಡಲೇ ಹಿಂದಿನ ಬೀದಿಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ ಬಂತು. ಗೂಡಿನೊಳಗಿನ ಹುಳು ಬಿಸಿನೀರಿನಲ್ಲಿ ಬೆಂದಾಗ ಏಳುವ ವಾಸನೆ ಅದು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಸಿಟ್ಟು ಬಂತು. ನಾಲ್ಕು ವರ್ಷದ ಹಿಂದಿನ ಸಿಟ್ಟು ಆ ವಾಸನೆಗೆ ಅಂಟಿಕೊಂಡು ಹಾಗೇ ಉಳಿದಿದೆ.

ಆ ವರ್ಷದ, 1964ರ ಡೈರಿ ಈಗಲೂ ನನ್ನ ಕೈಚೀಲದಲ್ಲೇ ಇರುತ್ತದೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ. ದಿನಾಂಕ, ಇಲಿಯ ನಂಬರು, ಅದರ ಮುಂದೆ ಒಂದಕ್ಷರದ ಗುರುತು. ಚಿಕ್ಕಂದಿನಿಂದ ನನಗೆ ಎಣಿಸಿ ಬರೆದಿಡುವ ಚಟ. ಬಾವಿಯಿಂದ ಸೇದಿದ ಕೊಡ, ಮಳೆ ಬಿದ್ದ ದಿನ, ಅಪ್ಪ ಸುಳ್ಳು ಹೇಳಿದ ಸಲ. "ಇವಳು ಮದ್ವೆ ಮನೇಲಿ ಹೋಳಿಗೆ ಎಣಿಸ್ತಾಳೆ ಕಣ್ರೀ, ತಿನ್ನೋದಿಲ್ಲ" ಎಂದು ಅಮ್ಮ ನೆಂಟರ ಮುಂದೆ ನಗುತ್ತಿದ್ದಳು. ಈ ಚಟದಿಂದಲೇ ನನಗೆ ಆ ವರ್ಷ ಕೆಲಸ ಸಿಕ್ಕಿತು.

ಕೆಲಸ ಕೊಟ್ಟವರು ಡಾಕ್ಟರ್ ವನಜಾಕ್ಷಮ್ಮ. ಚಿಂತಾಮಣಿಯ ಪೇಟೆಯಲ್ಲಿ ಹೆಂಗಸರಿಗಾಗಿ ಚಿಕ್ಕ ಕ್ಲಿನಿಕ್ ಇಟ್ಟಿದ್ದರು. ಎಲ್ಲರಿಗೂ ಅವರು ಡಾಕ್ಟರಮ್ಮ. ಹಿಂದಿನ ವರ್ಷದ ಕೊನೆಯಲ್ಲಿ ನಾನು ನನ್ನ ಅಕ್ಕ ರತ್ನಳನ್ನು ಅವರ ಹತ್ತಿರ ಕರೆದುಕೊಂಡು ಹೋಗಿದ್ದೆ. ರತ್ನಕ್ಕನನ್ನು ಶಿಡ್ಲಘಟ್ಟದಿಂದ ಮೂರು ಮೈಲಿ ದೂರದ ಹಳ್ಳಿಗೆ, ಹಿಪ್ಪುನೇರಳೆ ತೋಟವಿದ್ದ ಅನುಕೂಲಸ್ಥರ ಮನೆಗೆ ಕೊಟ್ಟಿದ್ದರು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮುಟ್ಟು ವರ್ಷಕ್ಕೆ ಒಂದೆರಡು ಸಲ ಆಗುತ್ತಿದ್ದುದು ಕೊನೆಗೆ ಅದೂ ನಿಂತಿತ್ತು. ಗಲ್ಲದ ಮೇಲೆ ಕೂದಲು ಬರುತ್ತಿತ್ತು. ಅದನ್ನು ಬಚ್ಚಲಮನೆಯಲ್ಲಿ ಒಬ್ಬಳೇ ಕೂತು ಕಿತ್ತುಕೊಳ್ಳುತ್ತಿದ್ದಳು.

"ಕೊನೇ ಸಲ ಯಾವಾಗ ಆಯ್ತಮ್ಮ?" ಎಂದು ಡಾಕ್ಟರಮ್ಮ ಕೇಳಿದರು.

"ಕಡ್ಲೇಕಾಯಿ ಕೀಳೋವಾಗ" ಎಂದಳು ಅಕ್ಕ.

"ಈ ವರ್ಷದ ಕಡ್ಲೇಕಾಯಾ, ಹೋದ ವರ್ಷದ್ದಾ?"

ಅಕ್ಕ ನನ್ನ ಮುಖ ನೋಡಿದಳು. ಎಲ್ಲವನ್ನೂ ಬರೆದಿಡುವ ನಾನು ಅಕ್ಕನದೊಂದನ್ನು ಬರೆದಿಟ್ಟಿರಲಿಲ್ಲ.

ಅಂಡಾಶಯದ ತುಂಬ ಚಿಕ್ಕ ಚಿಕ್ಕ ನೀರುಗುಳ್ಳೆಗಳಾಗಿ, ಅಂಡ ಹೊರಗೇ ಬರದಿರುವ ಕಾಯಿಲೆ ಇದು ಎಂದು ಡಾಕ್ಟರಮ್ಮ ವಿವರಿಸಿದರು. ಇಂಥವರು ತಮ್ಮಲ್ಲಿಗೆ ಮೇಲಿಂದ ಮೇಲೆ ಬರುತ್ತಾರೆ, ಎಲ್ಲರೂ ದೇವರಿಗೆ ಹರಕೆ ಹೊತ್ತು ಸುಸ್ತಾದ ಮೇಲೆ ಬರುತ್ತಾರೆ ಎಂದರು. ಬೆಂಗಳೂರಿನಲ್ಲಿ ಅಂಡಾಶಯದ ಒಂದು ಹೋಳು ಕತ್ತರಿಸಿ ತೆಗೆಯುವ ಆಪರೇಷನ್ ಮಾಡುತ್ತಾರೆ, ಕೆಲವರಿಗೆ ಸರಿಹೋಗುತ್ತದೆ. "ಯಾಕೆ ಸರಿಹೋಗುತ್ತೆ ಅಂತ ಕೇಳಿದ್ರೆ ಯಾರಿಗೂ ಗೊತ್ತಿಲ್ಲ. ಗೊತ್ತಿಲ್ದೆ ಎಷ್ಟು ಜನರ ಹೊಟ್ಟೆ ಕುಯ್ಯೋದು ಹೇಳು?"

ಅವರಿಗೆ ಒಂದು ಪ್ರಾಣಿ ಬೇಕಾಗಿತ್ತು. ಈ ಕಾಯಿಲೆಯನ್ನು ಅದರಲ್ಲಿ ಬರಿಸಿ, ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ಕಣ್ಣಾರೆ ನೋಡಬೇಕು. ಪ್ರಾಣಿ ಅಗ್ಗವಾಗಿರಬೇಕು, ಏಕೆಂದರೆ ಖರ್ಚೆಲ್ಲ ಅವರ ಕೈಯಿಂದಲೇ. ನಾನು ಬಿ.ಎಸ್ಸಿ. ಪ್ರಾಣಿಶಾಸ್ತ್ರ ಮುಗಿಸಿ ಮನೆಯಲ್ಲಿ ಕೂತಿದ್ದೆ. ಸಂಕ್ರಾಂತಿಗೆ ಮುಂಚೆ ಒಂದು ವಾರ ಇಬ್ಬರೂ ಇದನ್ನೇ ಚರ್ಚಿಸಿದೆವು.

ಹೆಂಗಸಿಗೆ ತೀರ ಹತ್ತಿರದ್ದು ಕೋತಿ, ಅದಕ್ಕೆ ಮುಟ್ಟೂ ಆಗುತ್ತದೆ. ಆದರೆ ಒಂದೊಂದು ಸುತ್ತಿಗೆ ಒಂದು ತಿಂಗಳು ಕಾಯಬೇಕು, ಕಬ್ಬಿಣದ ಪಂಜರ ಬೇಕು, ಮೇಲಾಗಿ ಹನುಮಂತನನ್ನು ಕೂಡಿಹಾಕಿದ್ದಾರೆಂದು ಪೇಟೆಯೇ ಬಾಗಿಲಿಗೆ ಬರುತ್ತಿತ್ತು. ಮೊಲ ಅಗ್ಗ, ಆದರೆ ಗಂಡು ಸೇರಿದ ಮೇಲಷ್ಟೇ ಅಂಡ ಬಿಡುವ ಪ್ರಾಣಿಯಲ್ಲಿ ತಪ್ಪಿದ ಸುತ್ತನ್ನು ಹುಡುಕುವುದೆಲ್ಲಿ? ಗಿನಿಪಿಗ್ ನಮ್ಮ ಬೇಸಗೆಗೆ ತಾಳುವುದಿಲ್ಲ ಎಂದರು. ಪೇಟೆಯ ಕಸಾಯಿ ಖಾನೆಯ ಸಾಬರು ಕುರಿಯ ಅಂಡಾಶಯಗಳನ್ನು ಪುಕ್ಕಟೆ ಕೊಡುತ್ತಿದ್ದರು. "ತಗೊಳ್ಳಿ ಡಾಕ್ಟರಮ್ಮ, ನಮಗಂತೂ ಬೇಡ, ನಾಯಿಗೂ ಬೇಡ" ಎಂದು ಎಲೆಯಲ್ಲಿ ಕಟ್ಟಿ ಕಳಿಸುತ್ತಿದ್ದರು. ಆದರೆ ಸತ್ತ ಕುರಿ ತನ್ನ ಹಿಂದಿನ ತಿಂಗಳ ಕತೆ ಹೇಳುವುದಿಲ್ಲ. ಕೊನೆಗೆ ಉಳಿದದ್ದು ಬಿಳಿ ಇಲಿ. ನಾಲ್ಕೈದು ದಿನಕ್ಕೊಂದು ಸುತ್ತು. ಹಿಡಿ ಕಾಳು, ಚೂರು ತರಕಾರಿ. ಯೋನಿಯೊಳಗೆ ಒಂದು ಹನಿ ಉಪ್ಪುನೀರು ಹಾಕಿ ತೆಗೆದು, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವತ್ತು ಅದರ ಮೈ ಯಾವ ಹಂತದಲ್ಲಿದೆ ಎಂದು ತಿಳಿಯುತ್ತದೆ.

"ಗಲ್ಲದ ಮೇಲೆ ಕೂದಲು ಬಂತೋ ಇಲ್ವೋ ಅಂತ ಇಲಿನ ಕೇಳಕ್ಕಾಗಲ್ಲ" ಎಂದು ಡಾಕ್ಟರಮ್ಮ ನಕ್ಕರು. "ಮೈಯೆಲ್ಲ ಕೂದ್ಲೇ. ಆದ್ರೂ ಇರ್ಲಿ, ನಮ್ಮ ಕೈಗೆ ಎಟುಕೋದು ಇದೇ."

ಹನ್ನೆರಡು ಹೆಣ್ಣು ಇಲಿಗಳು ಜನವರಿ 20ರಂದು ಬೆಂಗಳೂರಿನಿಂದ ಬಸ್ಸಿನ ಟಾಪಿನಲ್ಲಿ ಬಂದವು. ಇಡಲು ಜಾಗ ಸಿಕ್ಕಿದ್ದು ಪಾಪಮ್ಮನ ಹಿತ್ತಲ ಕೋಣೆಯಲ್ಲಿ. ಪಾಪಮ್ಮ ತೆಲುಗು ಮನೆಮಾತಿನ ವಿಧವೆ. ಗಂಡ ಇದ್ದಾಗ ಆ ಕೋಣೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಇಲಿ ಎಂದರೆ ಹುಳುವಿನ ಶತ್ರು, ಒಂದು ಇಲಿ ನುಗ್ಗಿದರೆ ತಟ್ಟೆ ತಟ್ಟೆ ಹುಳು ಖಾಲಿ.

"ಅಯ್ಯೋ ದೇವುಡಾ, ಜನ ಇಲಿ ಸಾಯಿಸಕ್ಕೆ ಪಾಷಾಣ ಹುಡುಕ್ತಾರೆ, ನೀವು ಬಸ್ ಚಾರ್ಜು ಕೊಟ್ಟು ಕರೆಸ್ಕೊಂಡಿದೀರಾ?" ಎಂದು ಪಾಪಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಪಕ್ಕದ ಮನೇಲಿ ಹುಳ ಇದೆ. ಒಂದು ತಪ್ಪಿಸ್ಕೊಂಡ್ರೆ ನನ್ನ ಮರ್ಯಾದೆ ಹೋಯ್ತು ನೋಡಿ."

"ಪಂಜರದಲ್ಲಿರ್ತವೆ ಅಜ್ಜಿ" ಎಂದೆ.

"ಇಲಿಗೆ ಪಂಜರ ಕಚ್ಚಕ್ಕೆ ಎಷ್ಟೊತ್ತಮ್ಮ?" ಎಂದು ಗೊಣಗಿ ಬಾಡಿಗೆಗೆ ಒಪ್ಪಿದಳು.

ಡಾಕ್ಟರಮ್ಮನ ಅಪ್ಪಣೆ ಇಷ್ಟು: ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಬೆಳಕು, ಆಮೇಲೆ ಕತ್ತಲೆ. ಮೊದಲ ಎರಡು ತಿಂಗಳು ಬರೀ ಎಣಿಕೆ. ಸರಿಯಾಗಿರುವುದು ಹೇಗಿರುತ್ತದೆಂದು ತಿಳಿದ ಮೇಲೆ ಇವುಗಳ ಮರಿಗಳಿಗೆ ಗಂಡು ಹಾರ್ಮೋನಿನ ಸೂಜಿ ಕೊಟ್ಟು ಕೆಡಿಸಿ ನೋಡುವುದು.

ಈ ನಡುವೆ ಫೆಬ್ರವರಿಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ತಿನ್ನುವ ದಿನಗಳು. ಹುಳುವಿನ ಮನೆಯಲ್ಲಿ ಅಕ್ಕ ಒಬ್ಬಳೇ ತಟ್ಟೆಗಳ ನಡುವೆ ಓಡಾಡುತ್ತಿದ್ದಳು. ವಾರಗಿತ್ತಿ ಹೊರಗಾಗಿ ದನದ ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಮೂರು ದಿನ ಕೂತಿದ್ದಳು. ಮುಟ್ಟಾದವರ ನೆರಳು ಬಿದ್ದರೆ ಹುಳು ಸಾಯುತ್ತದೆಂದು ಆ ಕಡೆಯ ನಂಬಿಕೆ. ಅಕ್ಕ ಹೊರಗೆ ಕೂರುವುದೇ ಇಲ್ಲವಲ್ಲ, ಆದ್ದರಿಂದ ಪ್ರತಿ ಬೆಳೆಯ ಪ್ರತಿ ಸೊಪ್ಪೂ ಅವಳದೇ.

"ನಿಮ್ಮಕ್ಕನ ಕೈಗುಣ ದೊಡ್ಡದಮ್ಮ" ಎಂದರು ಅವಳ ಅತ್ತೆ ಮುನಿವೆಂಕಟಮ್ಮ. "ಅವಳು ಬಂದ ಮೇಲೆ ಬೆಳೆ ಕೆಟ್ಟಿದ್ದೇ ಇಲ್ಲ. ಒಂದಿನ ಹೊರಗೆ ಕೂರೋಳಲ್ಲ, ಬಂಗಾರ."

ನನಗೆ ಕಾಫಿ ಕೊಟ್ಟು, ಅದೇ ಉಸಿರಿನಲ್ಲಿ ಮುಂದುವರಿಸಿದರು: "ಆದ್ರೆ ಗೊಡ್ಡನ್ನ ಕಟ್ಕೊಂಡು ನನ್ನ ಮಗ ಎಷ್ಟು ದಿನ ಇರ್ತಾನೆ ಹೇಳು. ಕೈವಾರದ ಕಡೆ ಒಂದು ಹೆಣ್ಣು ನೋಡಿದೀವಿ. ರತ್ನ ಎಲ್ಲಿಗೂ ಹೋಗ್ಬೇಕಾಗಿಲ್ಲ. ಇಲ್ಲೇ ಇರ್ಲಿ, ಹುಳ ನೋಡ್ಕೊಂಡು."

ಆ ದಿನದ ಡೈರಿಯಲ್ಲಿ ಪೆನ್ನಿನ ಮುಳ್ಳು ಕಾಗದವನ್ನು ಹರಿದಿದೆ. ಯಾವ ಕೊರತೆಗೆ ಅವಳ ಜಾಗ ಇನ್ನೊಬ್ಬಳಿಗೆ ಹೋಗುತ್ತಿತ್ತೋ ಅದೇ ಕೊರತೆಯನ್ನು ಆರು ವರ್ಷ ದುಡಿಸಿಕೊಂಡಿದ್ದರು. ಆಪರೇಷನ್ನಿನ ಮಾತೆತ್ತಿದರೆ "ಈ ಬೆಳೆ ಮುಗೀಲಿ" ಎನ್ನುತ್ತಿದ್ದರು. ಒಂದು ಬೆಳೆ ಮುಗಿದು ತಟ್ಟೆ ತೊಳೆಯುವಷ್ಟರಲ್ಲಿ ಇನ್ನೊಂದಕ್ಕೆ ಮೊಟ್ಟೆ ಬಂದಿರುತ್ತಿತ್ತು. ಬಾವ ಕೆಟ್ಟವರಲ್ಲ. ಅಮ್ಮ ಮಾತಾಡುವಾಗ ಅವರಿಗೆ ತೋಟದಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಇತ್ತ ನನ್ನ ಲೆಕ್ಕವೂ ಕೆಟ್ಟಿತು. ಮೊದಮೊದಲು ನಾಲ್ಕೈದು ದಿನಕ್ಕೊಂದು ಸುತ್ತು ಹಾಕುತ್ತಿದ್ದ ಇಲಿಗಳು ಮಾರ್ಚಿನಲ್ಲಿ ಒಂದೊಂದಾಗಿ ಒಂದೇ ಹಂತದಲ್ಲಿ ನಿಂತುಬಿಟ್ಟವು. ನಾಲ್ಕನೇ ನಂಬರು ಮೊದಲು, ಆಮೇಲೆ ಒಂಬತ್ತು, ಏಳು. ಮಾರ್ಚ್ ಮುಗಿಯುವ ಹೊತ್ತಿಗೆ ಹನ್ನೆರಡರಲ್ಲಿ ಹತ್ತು. ಸೂಜಿ ಇನ್ನೂ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ. ಏನೂ ಮಾಡದೆಯೇ ಸರಿಯಿದ್ದವು ಕೆಟ್ಟಿದ್ದವು.

"ನೋಡಿ ಬರ್ದೆಯಾ, ಮನೇಲಿ ಕೂತು ಬರ್ದೆಯಾ?" ಎಂದು ಡಾಕ್ಟರಮ್ಮ ಕೇಳಿದರು.

ಅವತ್ತು ನಾನು ಅತ್ತುಬಿಟ್ಟೆ. ಬರೆದ ಅಂಕಿಯನ್ನು ಯಾರೂ ಅದುವರೆಗೆ ಅನುಮಾನಿಸಿರಲಿಲ್ಲ.

ಏಪ್ರಿಲ್ 6ರ ಬೆಳಿಗ್ಗೆ ಕೋಣೆಯ ಬಾಗಿಲು ತೆಗೆಯುತ್ತಿದ್ದಾಗ ಪಾಪಮ್ಮ ಬಂದು ಕಪ್ಪಾದ ಬಲ್ಬೊಂದನ್ನು ಕೈಗಿಟ್ಟಳು. "ಸುಟ್ಟೋಯ್ತಮ್ಮ. ಹೊಸ್ದು ತಂದ್ಕೊಡು. ನಿನ್ನೆಯಿಂದ ನಂಗೆ ಜೀವದಲ್ಲಿ ಜೀವ ಇಲ್ಲ."

"ನಾವು ಬಲ್ಬು ಹಾಕೋದೇ ಮೋಡ ಕವಿದಾಗ ಅಜ್ಜಿ. ಎರಡೂವರೆ ತಿಂಗ್ಳಿಗೆ ಹೇಗೆ ಸುಟ್ಟುಹೋಯ್ತು?"

ಪಾಪಮ್ಮ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. "ನೀನು ಸಂಜೆ ಆರಿಸಿ ಹೋಗ್ತೀಯಾ. ಕತ್ತಲಲ್ಲಿ ಇಲಿ ಸುಮ್ನೆ ಇರುತ್ತಾ? ಹುಳುವಿನ ಮನೇಲಿ ದೀಪ ಯಾಕೆ ಹಚ್ಚಿಡ್ತಾರೆ? ಇಲಿ ಅಲ್ಲಾಡದೆ ಇರ್ಲಿ ಅಂತ. ನೀನು ಬೀದಿ ದಾಟ್ತಿದ್ದಂಗೇ ನಾನು ಹಾಕ್ತಿದ್ದೆ, ಬೆಳಿಗ್ಗೆ ನೀನು ಬರೋಕ್ಮುಂಚೆ ಆರಿಸ್ತಿದ್ದೆ. ಒಂದಿನ ತಪ್ಪಿಸಿಲ್ಲ."

ಸ್ವಿಚ್ಚು ಜಗಲಿಯ ಗೋಡೆಯಲ್ಲಿತ್ತು. ಎಪ್ಪತ್ತಾರು ರಾತ್ರಿ ಆ ಇಲಿಗಳು ಕತ್ತಲೆಯನ್ನೇ ಕಂಡಿರಲಿಲ್ಲ.

ನಾನು ಬಲ್ಬು ಹಿಡಿದುಕೊಂಡೇ ಕ್ಲಿನಿಕ್ಕಿಗೆ ಓಡಿದೆ. ಬೈಯುತ್ತಾರೆಂದುಕೊಂಡಿದ್ದ ಡಾಕ್ಟರಮ್ಮ ಕುರ್ಚಿಯಿಂದ ಎದ್ದು ನಿಂತರು. ಎಡೆಬಿಡದ ಬೆಳಕಿನಲ್ಲಿ ಇಲಿಗಳ ಸುತ್ತು ನಿಲ್ಲುತ್ತದೆಂದು ಅವರು ಎಲ್ಲೋ ಓದಿದ್ದು ಆಗ ನೆನಪಾಯಿತು. ಅವತ್ತೇ ನಾಲ್ಕನೇ ನಂಬರನ್ನು ಕೊಯ್ದು ನೋಡಿದೆವು. ಅಂಡಾಶಯದಲ್ಲಿ ಮಣಿ ಪೋಣಿಸಿದಂತೆ ನೀರುಗುಳ್ಳೆಗಳು. ಅಂಡ ಹೊರಬಿದ್ದ ಗುರುತಾದ ಹಳದಿ ಚುಕ್ಕೆ ಒಂದೂ ಇಲ್ಲ.

"ಸೂಜಿ ಬೇಡ, ಔಷಧಿ ಬೇಡ" ಎಂದರು ಡಾಕ್ಟರಮ್ಮ, ಮೆಲ್ಲಗೆ. "ಒಂದು ಬಲ್ಬು ಸಾಕು ಕಣೇ ಪದ್ಮ. ಯಾವ ತಾಲೂಕು ಆಸ್ಪತ್ರೆಯೋರು ಬೇಕಾದ್ರೂ ಮಾಡ್ಬಹುದು."

ಉಳಿದ ಹನ್ನೊಂದರಲ್ಲಿ ಐದನ್ನು ಬೆಳಕಿನಲ್ಲೇ ಬಿಟ್ಟು, ಆರನ್ನು ಬೇರೆ ಮಾಡಿ ರಾತ್ರಿ ಕಪ್ಪು ಕಂಬಳಿ ಹೊದಿಸತೊಡಗಿದೆವು. ಪಾಪಮ್ಮನಿಗೆ ಅದು ಸರಿಬರಲಿಲ್ಲ, ಆದರೂ ಕಂಬಳಿಯ ಮೇಲೆ ಒರಳುಕಲ್ಲು ಹೇರಲು ನಾವು ಒಪ್ಪಿದ ಮೇಲೆ ಸುಮ್ಮನಾದಳು.

ಆ ವಾರ ನಾನೊಂದು ತಪ್ಪು ಮಾಡಿದೆ. ಅಕ್ಕ ರಾತ್ರಿಯೆಲ್ಲ ಲಾಂದ್ರದ ಬೆಳಕಿನಲ್ಲಿ ಸೊಪ್ಪು ಹಾಕುವುದು ನೆನಪಾಗಿ, ಕಾರಣ ಸಿಕ್ಕಿತೆಂದು ನೇರ ಅವರ ಮನೆಗೆ ಹೋಗಿ ಅಂಗಳದಲ್ಲೇ ಕೂಗಾಡಿದೆ. ನಿಮ್ಮ ದೀಪ ನಮ್ಮಕ್ಕನನ್ನು ಹಾಳು ಮಾಡಿದೆ ಎಂದೆ. ಮುನಿವೆಂಕಟಮ್ಮ ತಣ್ಣಗೆ ಕೇಳಿದರು: "ಹಂಗಾದ್ರೆ ದೊಡ್ಡ ಸೊಸೆಗೆ ಮೂರು ಮಕ್ಕಳು ಹೆಂಗಾದ್ವಮ್ಮ? ಅವಳೂ ಅದೇ ದೀಪದಲ್ಲಿ ಸೊಪ್ಪು ಹಾಕಿದೋಳೇ."

ಡಾಕ್ಟರಮ್ಮ ಕೇಳಿ ಸಿಡಿಮಿಡಿಗೊಂಡರು. "ಇಲಿಗೆ ದೀಪ ಕಾರಣ. ಹೆಂಗಸಿಗೂ ಅದೇ ಅಂತ ಯಾರು ಹೇಳಿದ್ರು ನಿಂಗೆ? ಕಾಯಿಲೆ ಒಂದೇ ಥರ ಕಾಣುತ್ತೆ ಅಷ್ಟೇ, ಕಾರಣ ಬೇರೆ ಇರುತ್ತೆ. ಎಣಿಸೋಕೆ ಬರೋರಿಗೆ ಸುಮ್ನಿರೋಕೂ ಬರ್ಬೇಕು."

ಮೇ ತಿಂಗಳಲ್ಲಿ ಕಂಬಳಿಯಡಿಯ ಇಲಿಗಳಿಗೆ ಸುತ್ತು ಮರಳಿತು. ಆರರಲ್ಲಿ ಐದಕ್ಕೆ. ಬೆಳಕಿನಲ್ಲಿದ್ದ ಐದೂ ಹಾಗೇ ನಿಂತಿದ್ದವು. ಆ ಕೋಷ್ಟಕವನ್ನು ಮೂರು ಪ್ರತಿ ಬರೆದು, ಹಣದ ಸಹಾಯ ಕೇಳಲು ಇಬ್ಬರೂ ಬೆಂಗಳೂರಿಗೆ ಹೋದೆವು. ಯಾವ ಸಂಸ್ಥೆ, ಯಾವ ಪ್ರೊಫೆಸರು ಎಂದು ಬರೆಯುವುದಿಲ್ಲ. ಅವರು ಕೋಷ್ಟಕವನ್ನು ಅರ್ಧ ನಿಮಿಷ ನೋಡಿದರು.

"ಇದು ಹೊರದೇಶದಲ್ಲಿ ಆಗಲೇ ಗೊತ್ತಿರೋ ವಿಷಯ" ಎಂದರು.

"ಹೊಸ ವಿಷಯ ಅಂತ ನಾನು ಹೇಳ್ಲಿಲ್ಲ ಸಾರ್. ಅಗ್ಗದ ವಿಷಯ ಅಂದೆ" ಎಂದರು ಡಾಕ್ಟರಮ್ಮ.

"ಕೋತಿಗಳಲ್ಲಿ ಮಾಡಿದ್ರೆ ಯೋಚನೆ ಮಾಡಬಹುದಿತ್ತು."

"ಕೋತಿಗಳನ್ನ ಪಂಜರಗಟ್ಟಲೆ ವಿಮಾನದಲ್ಲಿ ಹೊರದೇಶಕ್ಕೆ ಕಳಿಸ್ತಿದೀವಿ. ನನ್ನ ಪಾಲಿಗೆ ನಾಲ್ಕು ಕೊಡ್ಸಿ, ಮಾಡ್ತೀನಿ."

ಪ್ರೊಫೆಸರು ನಕ್ಕರು. ಗೋಡೆಯ ಮೇಲಿದ್ದ ಕುಟುಂಬ ಯೋಜನೆಯ ಪೋಸ್ಟರಿನ ಕಡೆ ಕೈ ತೋರಿಸಿ, "ಸರ್ಕಾರ ಮಕ್ಕಳು ಬೇಡ ಅಂತ ಊರೂರು ಡಂಗುರ ಹೊಡೀತಿದೆ. ನೀವು ಆಗದೋರಿಗೆ ಆಗ್ಲಿ ಅಂತೀರಾ. ನಾಲ್ಕು ಹೆಂಗಸ್ರಿಗೆ ಆಗ್ದೇ ಇದ್ರೆ ದೇಶಕ್ಕೆ ಒಳ್ಳೇದೇ ಅಲ್ವೇ ಡಾಕ್ಟ್ರೇ?" ಎಂದರು.

ಡಾಕ್ಟರಮ್ಮ ಕೋಷ್ಟಕವನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ವಾಪಸ್ ಬಸ್ಸು ಚಿಕ್ಕಬಳ್ಳಾಪುರ ದಾಟಿತು. ಕಿಟಕಿಯಾಚೆ ಸ್ಕಂದಗಿರಿ ಹಿಂದೆ ಸರಿಯುತ್ತಿದ್ದಾಗ, "ಆ ನಾಲ್ಕು ಹೆಂಗಸರಲ್ಲಿ ಒಬ್ಬಳ ಹೆಸರಾದ್ರೂ ಕೇಳಿದ್ನಾ ಅವನು?" ಎಂದರು. ಹಿರಿಯರೊಬ್ಬರ ಬಗ್ಗೆ ಅವರ ಬಾಯಲ್ಲಿ ಏಕವಚನ ಕೇಳಿದ್ದು ಅದೊಂದೇ ಸಲ.

ಆ ಕೋಷ್ಟಕದ ಒಂದು ಪ್ರತಿಯನ್ನು ನಾನು ಅಕ್ಕನಿಗೆ ತೋರಿಸಿದ್ದೆ. ಯಾವುದಕ್ಕೂ ಆಸೆ ತೋರದಿದ್ದವಳು ಕಂಬಳಿಯಡಿಯ ಇಲಿಗಳ ಸಾಲಿನ ಮೇಲೆ ಬೆರಳಾಡಿಸಿ, "ನಿಂತಿದ್ದು ಮತ್ತೆ ಬಂತಾ? ನೀನೇ ಕಣ್ಣಾರೆ ನೋಡಿದ್ಯಾ?" ಎಂದು ಎರಡು ಸಲ ಕೇಳಿದಳು. ಇಲಿಯದು ಬೇರೆ, ನಿನ್ನದು ಬೇರೆ ಎಂದೆ. "ಗೊತ್ತು ಬಿಡೇ" ಎಂದಳು.

ಜೂನ್ 17ರ ಮಧ್ಯಾಹ್ನ ರತ್ನಕ್ಕ ಒಂದು ಬಟ್ಟೆಗಂಟು ಹಿಡಿದು ಒಬ್ಬಳೇ ಕ್ಲಿನಿಕ್ಕಿನ ಮೆಟ್ಟಿಲೇರಿ ಬಂದಳು. ಹುಳು ನಾಲ್ಕನೇ ಜ್ವರ ಎದ್ದ ವಾರ ಅದು. ಕೈತುಂಬ ಕೆಲಸವಿರುವ ವಾರ.

"ಹೇಗೆ ಬಿಟ್ರೇ ನಿನ್ನ?" ಎಂದೆ.

"ಬಿಡ್ಲಿಲ್ಲ, ಓಡ್ಸಿದ್ರು" ಎಂದಳು. ಮುಖದಲ್ಲಿ ನಾನು ಹಿಂದೆಂದೂ ಕಾಣದ ತುಂಟತನ. "ತಟ್ಟೆ ಮುಂದೆ ನಿಂತು, ಅತ್ತೆ, ನಾನು ಹೊರಗಾದೆ ಅಂದೆ. ಅವರೇ ಚೀರ್ಕೊಂಡು ಈಚೆಗೆ ತಳ್ಳಿದ್ರು. ಮೂರು ದಿನ ಈ ಕಡೆ ತಲೆ ಹಾಕ್ಬೇಡ ಅಂದ್ರು. ತಲೆ ಹಾಕ್ದೆ ಬಸ್ ಹತ್ತಿದೆ."

"ಆಗಿದ್ಯಾ?" ಎಂದರು ಡಾಕ್ಟರಮ್ಮ.

"ಎಲ್ಲಿಂದ ಬಂತು ಡಾಕ್ಟರಮ್ಮ. ಸುಳ್ಳು."

ಡಾಕ್ಟರಮ್ಮ ಬಹಳ ಹೊತ್ತು ನಕ್ಕರು. ಆಮೇಲೆ ಆಪರೇಷನ್ನಿನಿಂದ ಸರಿಹೋದೀತು, ಹೋಗದೆಯೂ ಇರಬಹುದು, ಹೋದರೂ ಎಷ್ಟು ದಿನವೋ ಹೇಳಲಾರೆ ಎಂದು ಒಂದನ್ನೂ ಮುಚ್ಚಿಡದೆ ವಿವರಿಸಿದರು. ಅಕ್ಕ ಎಲ್ಲ ಕೇಳಿ "ಆಗ್ಲಿ" ಎಂದಳು. ಮರುದಿನ ಬೆಳಗಿನ ಬಸ್ಸಿಗೆ ಡಾಕ್ಟರಮ್ಮ ತಾವೇ ಬೆಂಗಳೂರಿಗೆ ಕರೆದುಕೊಂಡು ಹೋದರು. ಅಪ್ಪ ಸಹಿ ಹಾಕಿದರು. ಆಸ್ಪತ್ರೆಗೆ ಬಂದ ಬಾವ ಜಗಳವಾಡಲಿಲ್ಲ, ಕಿತ್ತಳೆ ಹಣ್ಣು ತಂದಿದ್ದರು. ಆ ಸಲದ ಬೆಳೆಯೇನೂ ಕೆಡಲಿಲ್ಲ. ದೊಡ್ಡ ಸೊಸೆ ಸೊಪ್ಪು ಹಾಕಿದಳು.

ಆಗಸ್ಟಿನಲ್ಲಿ ಅಕ್ಕನಿಂದ ಒಂದು ಕಾರ್ಡು ಬಂತು. ಅದರಲ್ಲಿದ್ದದ್ದು ಒಂದು ದಿನಾಂಕ ಮಾತ್ರ. ಇಲಿಗಳ ಪುಟದಲ್ಲೇ, ಹದಿಮೂರನೆಯ ಸಾಲಾಗಿ ಅದನ್ನು ಬರೆದುಕೊಂಡೆ.

ಇಲಿಗಳ ಕೆಲಸ ಹಣವಿಲ್ಲದೆ ಅಲ್ಲಿಗೇ ನಿಂತಿತು. ಡಾಕ್ಟರಮ್ಮ ಈಗಲೂ ಚಿಂತಾಮಣಿಯಲ್ಲೇ ಇದ್ದಾರೆ. ಬರುವ ಪ್ರತಿ ಹೆಂಗಸಿಗೂ ದಿನಾಂಕ ಬರೆದಿಡಲು ಚಿಕ್ಕದೊಂದು ಪುಸ್ತಕ ಕೊಡುತ್ತಾರೆ. ನನಗೆ ಮರುವರ್ಷ ಗೌರಿಬಿದನೂರಿನ ಹೈಸ್ಕೂಲಿನಲ್ಲಿ ಕೆಲಸವಾಯಿತು. ಅಕ್ಕ ಪ್ರತಿ ಕಾಗದದಲ್ಲೂ "ಎಲ್ಲಾ ಸರಿಯಾಗಿ ಆಗ್ತಿದೆ" ಎಂದು ಬರೆಯುತ್ತಿದ್ದಳು. ಮಗು ಆಗಲಿಲ್ಲ. ಆದರೆ ಈಗ ತಿಂಗಳು ತಿಂಗಳು ಹೊರಗಾಗುತ್ತಾಳೆ, ಇವತ್ತಲ್ಲ ನಾಳೆ ಆದೀತು ಎಂದು ಕೈವಾರದ ಹೆಣ್ಣಿನ ಮಾತು ನಿಂತುಹೋಗಿತ್ತು. ರಜೆಗಳಲ್ಲಿ ಅವಳೇ ಚಿಂತಾಮಣಿಗೆ ಬಂದು ಹೋಗುತ್ತಿದ್ದುದರಿಂದ ಆ ಅಂಗಳಕ್ಕೆ ನಾನು ಮತ್ತೆ ಕಾಲಿಟ್ಟಿರಲಿಲ್ಲ.

ಈ ದಸರೆಯಲ್ಲಿ ಆ ವಾಸನೆ ಬಂದಾಗ ಬಸ್ಸಿನಿಂದ ಇಳಿದುಬಿಟ್ಟೆ. ಮೂರು ಮೈಲಿ ನಡೆದು ಅಕ್ಕನ ಮನೆಗೆ ಹೋದೆ. ಕೊಟ್ಟಿಗೆಯ ಪಕ್ಕದ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದಾಗ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ದಿನಾಂಕಗಳು ಕಂಡವು. ಐವತ್ತಕ್ಕೂ ಹೆಚ್ಚು, ನೀಟಾಗಿ, ಒಂದರ ಕೆಳಗೊಂದು. ಕೈ ಸುಮ್ಮನಿರಲಿಲ್ಲ, ಡೈರಿ ತೆಗೆದು ಬರೆದುಕೊಂಡೆ, ಒಂದರಿಂದ ಇನ್ನೊಂದನ್ನು ಕಳೆದು ನೋಡಿದೆ. ಮೊದಲ ಮೂರರ ನಡುವೆ ಮೂವತ್ತೊಂದು, ಇಪ್ಪತ್ತಾರು ದಿನ. ಆಮೇಲೆ ಇಪ್ಪತ್ತೆಂಟು. ಇಪ್ಪತ್ತೆಂಟು. ಇಪ್ಪತ್ತೆಂಟು. ಕೊನೆಯವರೆಗೂ ಇಪ್ಪತ್ತೆಂಟು.

ನನ್ನ ಇಲಿಗಳಲ್ಲಿ ಒಂದೂ ಇಷ್ಟು ಶಿಸ್ತಿನದಾಗಿರಲಿಲ್ಲ. ಜೀವ ಇರುವ ಯಾವ ಮೈಯೂ ಹೀಗೆ ನಡೆಯುವುದಿಲ್ಲ.

"ಅಕ್ಕ" ಎಂದೆ.

"ಮೊದಲ ಮೂರು ನಿಜ ಕಣೇ" ಎಂದಳು, ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸದೆ. "ಆಮೇಲೆ ಮೊದಲಿನ ಹಂಗೇ. ಡಾಕ್ಟರಮ್ಮಂಗೆ ಗೊತ್ತು. ನಿಂಗೆ ಹೇಳಿದ್ರೆ ಬಂದು ಅಂಗಳದಲ್ಲಿ ಕೂಗಾಡ್ತೀಯಾ ಅಂತ ಹೇಳ್ಲಿಲ್ಲ."

"ಇಷ್ಟು ವರ್ಷ?"

"ಇಪ್ಪತ್ತೆಂಟು ಅಂತ ನೀನೇ ಹೇಳ್ಕೊಟ್ಟಿದ್ದಲ್ವಾ. ಆಗ್ಲಿ ಬಿಡ್ಲಿ, ತಿಂಗಳಿಗೆ ಮೂರು ದಿನ ಇಲ್ಲಿ ಕೂರ್ತೀನಿ. ಯಾರೂ ಕೂಗಲ್ಲ, ಯಾರೂ ಮುಟ್ಟಲ್ಲ. ನಿದ್ದೆ ಮಾಡ್ತೀನಿ." ಒಂದು ಬೀಜ ಪಕ್ಕಕ್ಕೆಸೆದಳು. "ಹೋದ ವರ್ಷ ಒಂದ್ಸಲ ನಿಜವಾಗ್ಲೂ ಆಯ್ತು. ಗೋಡೆ ಲೆಕ್ಕಕ್ಕೆ ಹೊಂದ್ಲಿಲ್ಲ. ಬಾಯ್ಮುಚ್ಕೊಂಡು ಸೊಪ್ಪು ಹಾಕ್ದೆ. ಒಂದು ಹುಳಾನೂ ಸಾಯ್ಲಿಲ್ಲ ಪದ್ಮ. ಅಂಥಾ ಗೂಡು ಹಿಂದೆಂದೂ ಬಂದಿರ್ಲಿಲ್ಲ."

ನನಗೆ ಮತ್ತೆ ಸಿಟ್ಟು ಬಂತು. ಯಾರ ಮೇಲೆಂದು ಲೆಕ್ಕ ಹಾಕುವಷ್ಟರಲ್ಲಿ ಹುಳುವಿನ ಮನೆಯ ಬಾಗಿಲಿನಿಂದ ಮುನಿವೆಂಕಟಮ್ಮ ಕೂಗಿದರು. ಈಗ ಅವರಿಗೆ ಕಣ್ಣು ಮಂಜು.

"ರತ್ನಮ್ಮಾ, ನಾಳೆ ನಿನ್ನ ದಿನ ಅಲ್ವೇನಮ್ಮಾ? ಸೊಪ್ಪಿಗೆ ಆಳು ಹೇಳ್ಲಾ?"

"ಹೇಳಿ ಅತ್ತೆ" ಎಂದಳು ಅಕ್ಕ.

ಆಗದೆ ಇರುವುದನ್ನು ನಾನು ಯಾವತ್ತೂ ಬರೆದವಳಲ್ಲ. ಅವತ್ತು ಹದಿಮೂರನೆಯ ಸಾಲಿನಲ್ಲಿ ನಾಳೆಯ ದಿನಾಂಕವನ್ನು ಇಂದೇ ಬರೆದು, ಡೈರಿ ಮುಚ್ಚಿ, ಹುಣಸೆಹಣ್ಣು ಬಿಡಿಸಲು ಕೂತೆ.